ಎಲೆ ಮುಟ್ಟದ ಅಣ್ಣ ಮತ್ತು ಕೊನೆಯ ಇಬ್ಬರು

ನನ್ನ ಅಣ್ಣ ಇಸ್ಪೀಟ್ ಎಲೆ ಮುಟ್ಟುವಂತಿಲ್ಲ. ನೋಡಬಹುದು, ಮುಟ್ಟುವಂತಿಲ್ಲ. ಹೋದ ಮಳೆಗಾಲದಲ್ಲಿ ಅವನ ಈ ನೋಡುವ ಕೆಲಸ ನನ್ನ ನಿದ್ದೆ, ನೆಮ್ಮದಿ, ಕೊನೆಗೆ ನನ್ನ ಖಾನಾವಳಿಯ ಸಾರಿನ ರುಚಿಯನ್ನೂ ಕೆಡಿಸಿತು.

ಅವನದು ಕಂಪ್ಲಿಯಲ್ಲಿ ಅಪ್ಪನ ಕಾಲದ ಅಕ್ಕಿ ಗಿರಣಿ. ನನ್ನದು ಕಡ್ಡಿರಾಂಪುರದಲ್ಲಿ, ಹಂಪಿ ರಸ್ತೆಗೆ ಮುಖ ಮಾಡಿದ ಖಾನಾವಳಿ. ಹುಡುಗನಾಗಿದ್ದಾಗಿನಿಂದ ಅವನ ಕೈ ಎಲೆಗೆ ಭಾಳ ಚಲೋ ಕೂಡುತ್ತಿತ್ತು. ಹೊಸಪೇಟೆಯ ಒಂದು ಲಾರಿ ಆಫೀಸಿನ ಹಿಂದಿನ ಕೋಣೆಯಲ್ಲಿ ಗೆಳೆಯರ ಕೂಟ ಸೇರುತ್ತಿತ್ತು. ಅಲ್ಲಿ ಕುಂತನೆಂದರೆ ಹೊತ್ತು ಹೋಗಿದ್ದೂ ಗೊತ್ತಿಲ್ಲ, ಮನೆ ಇದೆ ಎನ್ನುವುದೂ ಗೊತ್ತಿಲ್ಲ. ಮಗಳನ್ನು ತೊಟ್ಟಿಲಿಗೆ ಹಾಕುವ ದಿನವೂ ಹಂಗೇ ಆಯಿತು. ಸೋದರತ್ತೆಯಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದವಳು ನಾನೇ. ಹೆಂಗಸರೆಲ್ಲ ಪದ್ಧತಿಯಂತೆ ನನ್ನ ಬೆನ್ನಿಗೆ ಗುದ್ದಿ ನಕ್ಕಿದ್ದೂ ಆಯಿತು. ಅಪ್ಪ ಅನ್ನಿಸಿಕೊಂಡವನ ಪತ್ತೆಯೇ ಇಲ್ಲ. ಬಂದವರು ಉಂಡು ಕೈ ತೊಳೆಯುವ ಹೊತ್ತಿಗೆ ಅಂಗಿ ಗುಂಡಿ ಹಾಕಿಕೊಳ್ಳುತ್ತಾ ಬಂದ. ಅತ್ತಿಗೆ ಅಳಲಿಲ್ಲ, ಒದರಾಡಲಿಲ್ಲ. ಕೂಸನ್ನು ಅವನ ಮುಂದೆ ಹಿಡಿದು, "ಇದರ ತಲಿ ಮುಟ್ಟಿ ಹೇಳ್ರಿ, ಇನ್ನ ಮ್ಯಾಲೆ ಎಲಿ ಮುಟ್ಟಂಗಿಲ್ಲ ಅಂತ" ಅಂದಳು. ಅಷ್ಟು ಮಂದಿಯ ಎದುರಿಗೆ ಅವನು ಮುಟ್ಟಿ ಹೇಳಿದ.

ನಮ್ಮ ಕಡೆ ತಲೆ ಮುಟ್ಟಿ ಮಾಡಿದ ಆಣೆ ಮುರಿದರೆ ಕೇಡು ಆ ತಲೆಗೇ ಅಂತ ನಂಬಿಕೆ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಹಂಗಂತ ಮುರಿದು ನೋಡೋಣ ಎನ್ನುವ ಧೈರ್ಯವೂ ನನಗಿಲ್ಲ.

ಅಣ್ಣ ಆಣೆ ಮುರಿಯಲಿಲ್ಲ. ಗೌರಿ ಹುಣ್ಣಿಮೆಗೆ, ದೀಪಾವಳಿಗೆ ಓಣಿಯವರೆಲ್ಲ ಕಟ್ಟೆ ಮೇಲೆ ಎಲೆ ಹಾಕಿಕೊಂಡು ಕುಂತರೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತು ನೋಡಿ ಬರುತ್ತಿದ್ದ. ಆಮೇಲೆ ಈ ಪೋಕರ್ ಬಂತು. ಅಮೆರಿಕದಲ್ಲಿ ಬೇಸಿಗೆಗೆ ನಡೆಯುವ ದೊಡ್ಡ ಟೂರ್ನಮೆಂಟು. ಸಾವಿರಾರು ಮಂದಿ ಆಡಲು ಕೂರುತ್ತಾರೆ, ದಿನ ದಿನಕ್ಕೆ ಸೋತವರು ಏಳುತ್ತಾ ಹೋಗುತ್ತಾರೆ, ಕೊನೆಗೆ ಒಂದೇ ಮೇಜು, ಅದರ ಸುತ್ತ ಒಂಬತ್ತು ಮಂದಿ. ಅಲ್ಲಿ ಸಂಜೆಯಾದರೆ ನಮಗಿಲ್ಲಿ ಬೆಳಿಗ್ಗೆ. ಅಣ್ಣ ಗಿರಣಿಗೆ ಹೋಗುವ ಮೊದಲು ಟಿವಿಗೆ ಮೊಬೈಲು ಜೋಡಿಸಿಕೊಂಡು ನೋಡತೊಡಗಿದ. ಮಳೆಗಾಲದಲ್ಲಿ ಹಂಪಿಗೆ ಬರುವವರು ಕಡಿಮೆ, ಖಾನಾವಳಿಯಲ್ಲಿ ನೊಣ ಹೊಡೆಯುವ ಕೆಲಸ. ಹೀಗಾಗಿ ನಾನೂ ಮೊಬೈಲಿನಲ್ಲಿ ಅದನ್ನೇ ಹಚ್ಚಿ ಫೋನಿನಲ್ಲಿ ಅವನ ಮಾತು ಕೇಳುತ್ತಾ ಆಟ ಕಲಿತೆ. ದೊಡ್ಡ ಬ್ರಹ್ಮವಿದ್ಯೆ ಏನಲ್ಲ. ಒಬ್ಬೊಬ್ಬರ ಕೈಯಲ್ಲಿ ಎರಡು ಎಲೆ, ನಡುವೆ ಎಲ್ಲರಿಗೂ ಕಾಣುವಂತೆ ಐದು. ಕೂಡಿಸಿ ಯಾರದು ದೊಡ್ಡದೋ ಅವರು ಗೆದ್ದರು. ಸೋಲುತ್ತೇನೆ ಅನ್ನಿಸಿದವರು ನಡುವೆಯೇ ಎಲೆ ಬಿಟ್ಟು ಹಿಂದೆ ಸರಿಯಬಹುದು. ಕಷ್ಟ ಇರುವುದು ಎದುರಿನವನ ಕೈಯಲ್ಲಿ ಏನಿದೆ ಅಂತ ಊಹಿಸುವುದರಲ್ಲಿ.

ಟಿವಿಯಲ್ಲಿ ಆ ಕಷ್ಟವೂ ಇಲ್ಲ. ಆಡುವವರ ಎಲೆಗಳನ್ನೆಲ್ಲ ಪರದೆಯ ಎಡಗಡೆ ಕೆಳಗೆ ತೋರಿಸಿಬಿಡುತ್ತಾರೆ. ಅಣ್ಣನಿಗೆ ಇದು ಆಗಿಬರಲಿಲ್ಲ. "ಉತ್ತರ ಬರದಿಟ್ಟು ಪ್ರಶ್ನೆ ಕೇಳಿದಂಗ ಆತಿದು" ಅಂತ ಬೈದು, ಟಿವಿಯ ಆ ಮೂಲೆಗೆ ಒಂದು ಟವೆಲ್ ಇಳಿಬಿಟ್ಟ. ಎಲೆ ಕಾಣದಂತೆ ಮಾಡಿಕೊಂಡು, ಆಡುವವರ ಮುಖ, ಕೈ, ಅವರು ದುಡ್ಡಿನ ಬದಲಿಗೆ ದೂಡುವ ಬಿಲ್ಲೆಗಳನ್ನಷ್ಟೇ ನೋಡಿ, "ಈಗ ಇವ ಬಿಡ್ತಾನ", "ಇವ ಸುಳ್ಳು ಹೆದರಿಸಾಕತ್ಯಾನ" ಅಂತ ಹೇಳುತ್ತಿದ್ದ. ಕಡ್ಡಿರಾಂಪುರದಲ್ಲಿ ನನ್ನ ಮೊಬೈಲಿಗೆ ಟವೆಲ್ ಇರಲಿಲ್ಲ. ನನಗೆ ಎಲೆ ಕಾಣುತ್ತಿದ್ದವು. ಅವನು ಹೇಳಿದ್ದು ಎಷ್ಟೋ ಸಲ ಸರಿ ಇರುತ್ತಿತ್ತು, ಸರಿ ಇದ್ದಾಗ ನನಗೇ ಹೆಮ್ಮೆ ಆಗುತ್ತಿತ್ತು.

ಹೋದ ಮಳೆಗಾಲ ಆ ಒಂಬತ್ತರಲ್ಲಿ ಒಬ್ಬನಿದ್ದ, ನಡುವಯಸ್ಸು ದಾಟಿದವನು, ದಪ್ಪ ಮೀಸೆ, ಗಲ್ಲಕ್ಕೆ ಕೈ ಹಚ್ಚಿಕೊಂಡು ಕೂರುವವನು. ಯಾವ ದೇಶದವನೋ, ಹೆಸರು ನಮ್ಮ ಬಾಯಿಗೆ ಹೊರಳಲಿಲ್ಲ. ನಮ್ಮ ಸೋದರಮಾವನ ಚಹರೆ ಇದೆ ಅಂತ ನಾವು ಅವನಿಗೆ ಮಾವ ಅಂತಲೇ ಹೆಸರಿಟ್ಟೆವು. ಉಳಿದವರು ಕರಿ ಕನ್ನಡಕ, ಕಿವಿಗೆ ಹಾಡು ಕೇಳುವ ಯಂತ್ರ ಹಾಕಿಕೊಂಡು ಕುಂತ ಹುಡುಗರು. ಮಾವ ಮಾತ್ರ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಎದುರಿನವನನ್ನು ನಿಧಾನವಾಗಿ ನೋಡಿ ಆಡುತ್ತಿದ್ದ. ನಾವಿಬ್ಬರೂ ಅವನಿಗೆ ಮರುಳಾದೆವು. "ನಾ ಹಿಂಗ ಆಡ್ತಿದ್ದೆ ನೋಡವ್ವ" ಅಂದ ಅಣ್ಣ ಒಂದು ದಿನ. ಅವನು ತನ್ನ ಆಟದ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮೇಜಿನ ಸುತ್ತ ಒಂಬತ್ತಿದ್ದವರು ಐದಾದರು. ಮಾವ ಇನ್ನೂ ಕುಂತಿದ್ದ. ಆವತ್ತು ನಾನು ಉಳ್ಳಾಗಡ್ಡಿ ಹೆಚ್ಚುತ್ತಿದ್ದಾಗ ಅಣ್ಣನ ಫೋನು ಬಂತು.

"ಹೊಸಪೇಟಿ ಗೆಳ್ಯಾರು ಕರಿಯಾಕತ್ಯಾರ. ಅವರೂ ಈಗ ಇದನ್ನ ಆಡ್ತಾರಂತ. ಮಾವ ಗೆದ್ದ ಅಂದ್ರ ಅವತ್ತ ಹೋಗಿ ಕುಂದ್ರತೀನಿ."

"ಆಣಿ?"

"ಯಾರ ತಲಿ ಮ್ಯಾಲೆ ಮಾಡಿದ್ದೆ? ಮಗಳ ತಲಿ ಮ್ಯಾಲೆ. ಧಾರಿ ಎರದು ಕೊಟ್ಟಾತು. ಆಕಿ ಈಗ ಸಂಡೂರಿನವರ ಮನಿ ಮಗಳು. ನನ್ನ ಆಣಿ ಅಲ್ಲೀ ತನಕ ಹೆಂಗ ಹೋಗತೈತಿ?"

ಏನ್ ತಲೆ ನೋಡಿ ಅವನದು. ಮಗಳನ್ನು ಸಂಡೂರಿಗೆ ಕೊಟ್ಟದ್ದು ನಿಜ. ಆದರೆ ಆಗ ಅವಳು ಬಸುರಿ, ಕುಬಸದ ಶಾಸ್ತ್ರ ಮುಗಿಸಿಕೊಂಡು ಚೊಚ್ಚಲ ಬಾಣಂತನಕ್ಕೆ ತವರಿಗೇ ಬಂದು ಅದೇ ಟಿವಿ ಮುಂದೆ ಕಾಲು ಚಾಚಿ ಕುಂತಿದ್ದಳು. "ಅಣ್ಣಾ, ಬುದ್ಧಿ ನೆಟ್ಟಗೈತೇನು?" ಅಂದೆ. "ನೀ ಏನೂ ಆಣಿ ಗೀಣಿ ನಂಬಂಗಿಲ್ಲಲ್ಲ" ಅಂತ ನನ್ನ ಮಾತನ್ನೇ ನನಗೆ ತಿರುಗಿಸಿ ಫೋನಿಟ್ಟ.

ಅವತ್ತಿನಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕುಂತಲ್ಲಿ ಕೂರಲಾಗಲಿಲ್ಲ. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ನೆನಪಿಲ್ಲ, ಮತ್ತೆ ಹಾಕುವುದು. ಮಜ್ಜಿಗೆ ಕೇಳಿದವರಿಗೆ ಚಹಾ ಕೊಡುವುದು. ಮೊಬೈಲು ತೆಗೆಯುವುದು, ಮಾವ ಬಿಲ್ಲೆ ಗುಡ್ಡೆ ಹಾಕಿಕೊಂಡು ಕುಂತಿರುವುದನ್ನು ನೋಡಿ ಹೊಟ್ಟೆ ಉರಿದುಕೊಂಡು ಮುಚ್ಚುವುದು. ಅಷ್ಟು ದಿನ ಯಾರನ್ನು ಗೆಲ್ಲಲಿ ಗೆಲ್ಲಲಿ ಅಂತ ಕೂಗಿದ್ದೆನೋ ಅವನು ಸೋತು ಎದ್ದುಹೋಗಲಿ ಅಂತ ಈಗ ಬೇಡಿಕೊಳ್ಳಬೇಕು. ಬೇಡಿಕೊಂಡೆ. ಹಾಳಾದವನು ಸೋಲಲಿಲ್ಲ. ಐದು ಮೂರಾಯಿತು, ಮೂರು ಎರಡಾಯಿತು. ಉಳಿದವರು ಮಾವ, ಮತ್ತೊಬ್ಬ ಕರಿ ಕನ್ನಡಕದ ಹುಡುಗ. ಮಾವ ಒಳ್ಳೆ ಎಲೆ ಹಿಡಿದು ಗೆದ್ದಾಗೆಲ್ಲ ನನಗೆ ಮೊದಲು ಖುಷಿಯೇ ಆಗುತ್ತಿತ್ತು, ಅದಕ್ಕೇ ಸಿಟ್ಟು ಇನ್ನೂ ಏರುತ್ತಿತ್ತು.

ಕೊನೆಯ ದಿನ ಬೆಳಿಗ್ಗೆ ತಡೆಯಲಾಗದೆ ಖಾನಾವಳಿಗೆ ಬೀಗ ಹಾಕಿದೆ. ಕಮಲಾಪುರದ ತನಕ ಆಟೋ, ಅಲ್ಲಿಂದ ಕಂಪ್ಲಿ ಬಸ್ಸು. ಬುಕ್ಕಸಾಗರದ ಹತ್ತಿರ ರಸ್ತೆಗೆ ಅಡ್ಡ ಟ್ರ್ಯಾಕ್ಟರು, ಗದ್ದೆಗೆ ನಾಟಿ ಹಚ್ಚುವ ಹೆಣ್ಣಾಳುಗಳು ಇಳಿಯುತ್ತಿದ್ದರು, ಒಬ್ಬೊಬ್ಬರದೂ ಒಂದೊಂದು ಬುತ್ತಿ, ಒಂದೊಂದು ಮಾತು. ಕಂಡಕ್ಟರನಿಗೆ, "ಜಲ್ದಿ ಬಿಡಪ್ಪ, ಅರ್ಜೆಂಟ್ ಐತಿ" ಅಂದೆ. "ಯಾರಿಗಾರ ಆರಾಮಿಲ್ಲೇನ್ರಿ ಅಕ್ಕಾರ?" ಅಂತ ಕೇಳಿದ ಪಾಪ. ಅಮೆರಿಕದಲ್ಲಿ ಇಸ್ಪೀಟು ನಡೆದಿದೆ ಅಂತ ಅವನಿಗೆ ಹೇಗೆ ಹೇಳಲಿ. ಹೂಂ ಅಂದೆ.

ಮನೆಗೆ ಹೋದರೆ ಅತ್ತಿಗೆ ದೇವರ ಮುಂದೆ ದೀಪ ಹಚ್ಚಿ ಕುಂತಿದ್ದಳು. ಅಣ್ಣನ ಪಂಥ ಅವಳಿಗೂ ಗೊತ್ತಾಗಿತ್ತು. ಮಾವ ಸೋತರೆ ವಿರೂಪಾಕ್ಷನಿಗೆ ಅಭಿಷೇಕ ಅಂತ ಹರಕೆ ಹೊತ್ತಿದ್ದಳು. ಹಿಂದಿನ ದಿನವೂ ಹೊತ್ತಿದ್ದಳಂತೆ. ನಾನು ಇದ್ದದ್ದು ಇದ್ದಂಗೆ ಹೇಳಿಬಿಟ್ಟೆ. "ಅತ್ತಿಗಿ, ಟಿವಿಯವರು ತೋರಸೂದು ತಡಾ ಮಾಡಿ. ಈಗ ನಾವು ನೋಡೂದು ಅಲ್ಲಿ ಆಗ್ಲೇ ಆಗಿ ಹೋಗಿರತೈತಿ. ಹರಕಿ ಹೊತ್ತರೂ ಏನೂ ಬದ್ಲಾಗಂಗಿಲ್ಲ."

"ದೇವರಿಗೆ ನಾ ಇವತ್ತು ಕೇಳ್ತೀನಿ ಅಂತ ನಿನ್ನೇನ ಗೊತ್ತಿರತೈತಿ" ಅಂದಳು. ನಾನೂ ಒಂದು ಊದಿನಕಡ್ಡಿ ಹಚ್ಚಿ ಬಂದು ಟಿವಿ ಮುಂದೆ ಕುಂತೆ.

ಟವೆಲ್ ಇತ್ತು. ಇಬ್ಬರ ಕೈಯಲ್ಲಿ ಏನಿದೆ ಅಂತ ನಮ್ಮಲ್ಲಿ ಯಾರಿಗೂ ಕಾಣುವಂತಿರಲಿಲ್ಲ. ಮಗಳು ಮಂಚದ ಮೇಲೆ ಗೋಡೆಗೆ ಒರಗಿ ಶೇಂಗಾ ಬಿಡಿಸಿ ತಿನ್ನುತ್ತಿದ್ದಳು. ಅಣ್ಣ ಕುರ್ಚಿಯ ತುದಿಯಲ್ಲಿದ್ದ. ಬಹಳ ಹೊತ್ತು ಸಣ್ಣ ಸಣ್ಣ ಆಟ ನಡೆದವು. ಆಮೇಲೆ ನಡುವೆ ಮೂರು ಎಲೆ ಬಿದ್ದವು. ಒಂದು ರಾಜ, ಒಂದು ಒಂಬತ್ತು, ಎರಡೂ ಕೆಂಪು ಆಟೀನು. ಮತ್ತೊಂದು ಯಾವುದೋ ಕಳಾವರ್. ಹುಡುಗ ಬಿಲ್ಲೆ ದೂಡಿದ, ಮಾವ ಅಷ್ಟೇ ಇಟ್ಟ. ನಾಲ್ಕನೆಯ ಎಲೆ ಏನೂ ಪ್ರಯೋಜನದ್ದಲ್ಲ. ಹುಡುಗ ಮತ್ತೆ ದೂಡಿದ, ಮಾವ ಮತ್ತೆ ಇಟ್ಟ. ಐದನೆಯದು ಆಟೀನು ಆರು.

ಹುಡುಗ ತನ್ನ ಮುಂದಿದ್ದ ಗುಡ್ಡೆಯನ್ನೆಲ್ಲ ಮುಂದಕ್ಕೆ ದೂಡಿದ. ಮಾವನ ಹತ್ತಿರ ಅದಕ್ಕಿಂತ ಕಡಿಮೆ ಇತ್ತು. ಒಪ್ಪಿ ಸೋತರೆ ಆಟವೇ ಮುಗಿಯಿತು.

"ಬಿಡು," ಅಂದ ಅಣ್ಣ. ಟಿವಿಗೆ ಹೇಳುತ್ತಿದ್ದ. "ನಿನ್ನ ಕೈಯಾಗ ರಾಜ ಐತಿ, ಒಂಬತ್ತೂ ಐತಿ, ನನಗ ಗೊತ್ತೈತಿ. ಆದ್ರೂ ಬಿಡು. ಆ ಹುಡುಗ ಮೊದಲಿಂದ ಆಟೀನು ಕಾಯಾಕತ್ತಿದ್ದ. ಅವಗ ಬಂತು."

ಮಾವ ಗಲ್ಲಕ್ಕೆ ಕೈ ಹಚ್ಚಿಕೊಂಡು ಕುಂತ. ಎಷ್ಟೋ ಹೊತ್ತು ಕುಂತ. ಅತ್ತಿಗೆ ದೇವರ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಮಾವ ತನ್ನ ಬಿಲ್ಲೆಗಳನ್ನು ಮುಂದಕ್ಕೆ ದೂಡಿದ. ಇಬ್ಬರೂ ಎಲೆ ತೆರೆದು ಮೇಜಿನ ಮೇಲಿಟ್ಟರು. ಮಾವನದು ರಾಜ, ಒಂಬತ್ತು. ಹುಡುಗನದು ಎರಡೂ ಆಟೀನು, ನಡುವಿನ ಮೂರು ಸೇರಿ ಐದು. ಒಂದೇ ಜಾತಿಯ ಐದರ ಮುಂದೆ ಮಾವನ ಎರಡು ಜೋಡಿ ನಿಲ್ಲುವುದಿಲ್ಲ.

ಮಾವ ಸೋತ. ಎದ್ದು ಹುಡುಗನ ಕೈ ಕುಲುಕಿದ. ಅತ್ತಿಗೆ ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದಳು. ಆಮೇಲೆ ಅಣ್ಣನ ಮುಖ ನೋಡಿದೆ.

ಅವನು ಎದ್ದು ನಿಂತಿದ್ದ. ಇಷ್ಟು ವರ್ಷದಲ್ಲಿ ಆ ಮುಖ ನಾನು ನೋಡಿರಲಿಲ್ಲ. "ನಾ ಅಲ್ಲಿದ್ದಿದ್ರ ಸೋಲ್ತಿದ್ದಿಲ್ಲ," ಅಂದ, ಮೆಲ್ಲಗೆ. ಅತ್ತಿಗೆಗೆ, "ಇಸ್ತ್ರಿ ಮಾಡಿದ್ದೊಂದು ಅಂಗಿ ಕೊಡು. ಹೊಸಪೇಟಿಗೆ ಹೋಗಿ ಬರ್ತೀನಿ."

ಮಾವ ಗೆದ್ದರೆ ಕೆಟ್ಟೆವು ಅಂತ ಅಷ್ಟು ದಿನ ಒದ್ದಾಡಿದ್ದೆ. ಸೋತರೂ ಹೀಗಾದೀತು ಅಂತ ನನ್ನ ಹುಚ್ಚು ತಲೆಗೆ ಹೊಳೆದಿರಲಿಲ್ಲ.

"ಅವ ಸೋತನಲ್ರೀ," ಅಂದಳು ಅತ್ತಿಗೆ. "ಗೆದ್ರ ಹೋಗ್ತೀನಿ ಅಂದಿದ್ರಿ." ಅಣ್ಣ ತಾನೇ ಅಂಗಿ ಹುಡುಕಿಕೊಂಡು ಹಾಕಿಕೊಂಡ. ಅವಳು ಮಗಳ ಕಡೆ ನೋಡಿದಳು, ಮಗಳ ಹೊಟ್ಟೆಯ ಕಡೆ ನೋಡಿದಳು, ಬಾಗಿಲಿಗೆ ಅಡ್ಡ ಬಂದು ನಿಂತಳು.

ಆಗ ಮಗಳು ಬಾಯಿ ತೆರೆದಳು. "ಯವ್ವಾ, ಈ ಕಡೆ ಸರಿ. ಅಪ್ಪಗ ದಾರಿ ಬಿಡು." ಮಡಿಲಿನ ಶೇಂಗಾ ಸಿಪ್ಪೆ ಕೊಡವಿದಳು. "ಅಪ್ಪಾ, ನನ್ನ ಕೊಟ್ಟಾತು, ಅದಕ್ಕ ಆಣಿ ತಟ್ಟಂಗಿಲ್ಲ ಅಂತ ನೆಪ ಹೇಳಬ್ಯಾಡ. ನಾ ಎಲ್ಲಿಗೆ ಹೋದ್ರೂ ನಿನ್ನ ಮಗಳ. ಆದ್ರ ತಲಿ ನಂದು. ಆವತ್ತು ನನ್ನ ಯಾರೂ ಕೇಳಿದ್ದಿಲ್ಲ. ಇವತ್ತು ನಾನ ಹೇಳ್ತೀನಿ, ಆ ಆಣಿ ಬಿಡಿಸೀನಿ. ನನಗೂ ಏನೂ ಆಗಂಗಿಲ್ಲ, ಹೊಟ್ಯಾಗಿನ ಕೂಸಿಗೂ ಏನೂ ಆಗಂಗಿಲ್ಲ. ಖುಷೀಲೆ ಹೋಗು."

ಅತ್ತಿಗೆ ಮಗಳ ಬಾಯಿ ಮುಚ್ಚಲು ಓಡಿದಳು. ಬಾಗಿಲು ತೆರವಾಯಿತು. ಅಣ್ಣ ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದ. ಗಾಡಿ ಚಾಲೂ ಮಾಡಿದ್ದು ಕೇಳಿಸಿತು. ಅದು ನಿಂತಲ್ಲೇ ಗುರುಗುಡುತ್ತಾ ಇತ್ತು, ಮುಂದೆ ಹೋಗಲಿಲ್ಲ. ನಾವು ಮೂವರೂ ಒಬ್ಬರನ್ನೊಬ್ಬರು ನೋಡದೆ ಅದನ್ನೇ ಕೇಳುತ್ತಾ ಕುಂತೆವು. ಆಮೇಲೆ ಸದ್ದು ನಿಂತಿತು.

"ಭತ್ತದ ಲಾರಿ ಬರೂದೈತಿ, ಮರ್ತಿದ್ದೆ," ಅನ್ನುತ್ತಾ ಒಳಗೆ ಬಂದ. ನಾಟಿ ಹಚ್ಚುವ ಕಾಲದಲ್ಲಿ ಯಾವ ಭತ್ತ, ಯಾವ ಲಾರಿ. ಅಕ್ಕಿ ಗಿರಣಿಯ ಮನೆಯಲ್ಲಿ ಬೆಳೆದವಳಿಗೆ ಇದನ್ನು ಹೇಳುತ್ತಾನೆ.

ಅವನನ್ನು ತಡೆಯಲೆಂದೇ ಖಾನಾವಳಿ ಮುಚ್ಚಿ ಬಂದವಳು ನಾನು. ಆದರೂ ಆಗ ಅವನನ್ನು ನೋಡಿ ನನಗೆ ಎಷ್ಟು ಸಂಕಟ ಆಯಿತೆಂದರೆ, ಅಂಗಳಕ್ಕೆ ಅವನನ್ನು ನಾನೇ ದೂಡಿಬಿಡೋಣ ಅನ್ನಿಸಿತು. "ಹೋಗಣ್ಣಾ," ಅಂದೆ. "ಒಂದ್ಸಲ ಹೋಗಿ ಕುಂತು ಬಾ." ಅತ್ತಿಗೆ ನನ್ನನ್ನು ಸುಡುವಂತೆ ನೋಡಿದಳು.

ಅವನು ಕುರ್ಚಿಯ ಮೇಲೆ ಕುಂತು ಅಂಗಿಯ ಗುಂಡಿ ಬಿಚ್ಚತೊಡಗಿದ. "ಹೋಗಿ ಕುಂತ್ರ ನಾ ಎಷ್ಟರವ ಅಂತ ಗೊತ್ತಾಗಿಬಿಡತೈತವ್ವ," ಅಂದ. "ಇಷ್ಟು ದಿನ ಆಣಿ ಐತಿ ಅಂತ ಇದ್ದೆ."

ಅತ್ತಿಗೆ ಒಲೆ ಹಚ್ಚಿದಳು, ರೊಟ್ಟಿ ಬಡಿಯುವ ಸದ್ದು ಬಂತು. ಮಗಳು ಮುಖ ಗೋಡೆಗೆ ಮಾಡಿ ಮಲಗಿದಳು, ನಿದ್ದೆ ಮಾಡುತ್ತಿರಲಿಲ್ಲ. ತಟ್ಟೆ ಬಂದಾಗ ಅಣ್ಣ ತಲೆ ಎತ್ತದೆ ಉಂಡ. ಅರ್ಧ ಉಂಡವನು ನನ್ನ ಕಡೆ ತಿರುಗಿದ.

"ಅವ ಅಲ್ಲಿ ಬಿಡಬೇಕಿತ್ತು. ಹೌದಲ್ಲ?"

"ಹೌದಣ್ಣಾ."

"ನಾ ಇದ್ದಿದ್ರ?"

ಅಲ್ಲಿ ಆ ಬೆಳಕಿನಲ್ಲಿ, ಅಷ್ಟು ಮಂದಿಯ ಎದುರಿಗೆ, ಕೈಯಲ್ಲಿ ರಾಜ ಹಿಡಿದುಕೊಂಡು ಅವನು ಬಿಡುತ್ತಿದ್ದನೋ ಇಲ್ಲವೋ, ನನಗೇನು ಗೊತ್ತು.

"ನೀ ಇದ್ದಿದ್ರ ಗೆಲ್ತಿದ್ದಿ," ಅಂದೆ.

ಅವನು ತಲೆ ಆಡಿಸಿದ. ಅತ್ತಿಗೆಯನ್ನು ಕರೆದು ಇನ್ನೊಂದು ರೊಟ್ಟಿ ಕೇಳಿದ.