ಅವ್ವನಿಗೆ ಸೂಜಿ ಚುಚ್ಚಿದ ಐದು ಭಾನುವಾರ

ಜುಲೈ 20, ಭಾನುವಾರ, ಬೆಳಿಗ್ಗೆ 8 ಗಂಟೆ 10 ನಿಮಿಷ. ಅವ್ವನಿಗೆ ಮೊದಲ ಸೂಜಿ, ಹೊಕ್ಕುಳಿನ ಎಡಕ್ಕೆ. ಚುಚ್ಚಿದವಳು ನಾನು.

ಉಣಕಲ್ಲಿನ ಮನೆಯಲ್ಲಿ ಇರುವುದು ನಾವಿಬ್ಬರೇ. ಅವ್ವ ಬ್ಲೌಸ್ ಹೊಲಿಯುತ್ತಾಳೆ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಮೊಣಕಾಲು ಎರಡೂ ಸವೆದಿವೆ. ಹತ್ತು ಕಿಲೋ ಇಳಿಸಿಕೊಂಡು ಬಂದರೆ ಆಪರೇಷನ್ ಮಾತಾಡೋಣ ಎಂದು ಮೂಳೆ ಡಾಕ್ಟರು ಹೇಳಿ ಕಳಿಸಿದ್ದರು. ಅವಳ ಸಕ್ಕರೆ, ತೂಕ, ಬಿಪಿಗಳನ್ನು ಮೂರು ವರ್ಷದಿಂದ ನಾನು ದಿನವೂ ವಹಿಯಲ್ಲಿ ಬರೆದಿಡುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ.

ವಾರಕ್ಕೊಮ್ಮೆ ಚುಚ್ಚಿಕೊಂಡರೆ ಹಸಿವು ಕುಗ್ಗಿ, ತೂಕವೂ ಸಕ್ಕರೆಯೂ ಇಳಿಯುವ ಔಷಧಿಯ ಸುದ್ದಿ ಅವ್ವನಿಗೆ ತಲುಪಿದ್ದು ಗಿರಾಕಿಗಳಿಂದ. ಆ ಔಷಧಿ ತುಂಬಿಯೇ ಬರುವ ಕಂಪನಿಯ ಸೂಜಿ-ಪೆನ್ನಿನ ಬೆಲೆ ನಮಗೆ ಎಟುಕುವಂತಿರಲಿಲ್ಲ. ಹುಬ್ಬಳ್ಳಿಯಲ್ಲಿ ತೂಕ ಇಳಿಸುವ ಕ್ಲಿನಿಕ್ ಒಂದಿದೆ, ಅಲ್ಲಿ ಅದೇ ಔಷಧಿಯನ್ನು ತಾವೇ ಬೆರೆಸಿ ಬಾಟಲಿಯಲ್ಲಿ ಕೊಡುತ್ತಾರೆ ಎಂದು ಒಬ್ಬಳು ಹೇಳಿದಳು. ಹೋದೆವು. ಹೆಬ್ಬೆರಳಿನಷ್ಟು ಬಾಟಲಿ, ಒಳಗೆ ತಿಳಿ ಗುಲಾಬಿ ಬಣ್ಣದ ನೀರು. ವಿಟಮಿನ್ ಬೆರೆಸಿದ್ದರಿಂದ ಆ ಬಣ್ಣ ಎಂದರು. ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ಕೈಬರಹದಲ್ಲಿ ಅವ್ವನ ಹೆಸರು, '7' ಎಂಬ ಅಂಕಿ. ಬೇರೇನೂ ಇರಲಿಲ್ಲ.

ಬಾಟಲಿ ಕೊಟ್ಟ ನೌಕರ ನಗುಮುಖದವನು. "ಇಪ್ಪತ್ತು ಯೂನಿಟ್ ಎಳೀರಿ, ವಾರಕ್ಕೊಂದ ಸಲ. ಹತ್ತು ವಾರ ಬರ್ತದ. ಮನ್ಯಾಗ ಇನ್ಸುಲಿನ್ ಸಿರಿಂಜ್ ಅದಾವೇನ್ರಿ?"

"ನಮ್ಮಪ್ಪಂದು ಉಳದಾವ್ರಿ," ಎಂದಳು ಅವ್ವ. ಅಜ್ಜ ತೀರಿಕೊಂಡ ಮೇಲೂ ಅವನ ಎರಡು ಪೊಟ್ಟಣ ಸಿರಿಂಜನ್ನು ಅವಳು ಗುಂಡಿಗಳ ಡಬ್ಬಿಯಲ್ಲಿ ಜೋಪಾನ ಮಾಡಿದ್ದಳು.

"ಹಂಗಾರ ಹೊಸಾವ್ಯಾಕ್ರಿ ಅಮ್ಮಾರ. ಅವ ನಡೀತಾವ."

ಮೊದಲ ವಾರ ವಾಂತಿ ಮೂರು. ಎರಡನೆಯ ವಾರ ಏಳು. ಮೂರನೆಯ ವಾರ ಹನ್ನೊಂದು. ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಶುರುವಿಗೆ ಹಾಗೆಯೇ ಎಂದರು. ತೂಕ ಮಾತ್ರ 91.4ರಿಂದ 89.2, ಅಲ್ಲಿಂದ 87.1, ಆಮೇಲೆ 84.8. ನಾನು ವಹಿಯ ಹಿಂದಿನ ಪುಟದಲ್ಲಿ ಕೆಳಗಿಳಿಯುವ ಗೆರೆ ಎಳೆದು ಹಿಗ್ಗಿದೆ. ವಾಂತಿಗೆ ಗೆರೆ ಎಳೆಯಲಿಲ್ಲ.

"ಕಿಲೋ ನೋಡಿ ಹಲ್ಲು ಕಿಸಿತಿ," ಎಂದಳು ಅವ್ವ, ಬಚ್ಚಲಿನ ಬಾಗಿಲು ಹಿಡಿದುಕೊಂಡು. "ನಿನ್ನ ವಹಿಯಾಗ ನಾ ಚಲೋ ಆಗಾಕತ್ತೇನಿ. ಇಲ್ಲೆ ನೋಡಿದ್ರ ಕರಳು ಬಾಯಿಗೆ ಬರಾಕತ್ತಾವ."

"ಇನ್ನ ಮೂರು ಕಿಲೋ ಅಷ್ಟ ಉಳದೈತಿ, ಯವ್ವಾ."

"ಆ ಮೂರು ನೀ ಇಳಸ್ಕೊ."

ಆದರೂ ಭಾನುವಾರ ಬಂದರೆ ತಾನೇ ಸೆರಗು ಸರಿಸಿ ಕುಳಿತುಕೊಳ್ಳುತ್ತಿದ್ದಳು. ಅವಳಿಗೆ ಆ ಆಪರೇಷನ್ ಬೇಕಾಗಿತ್ತು.

ಆಗಸ್ಟ್ 10, ನಾಲ್ಕನೆಯ ಸೂಜಿ. ಆ ದಿನದ ಪುಟದಲ್ಲಿ ಹೀಗೆ ಬರೆದಿದ್ದೇನೆ: 'ಬಾಟಲಿ ಖಾಲಿ. ಹತ್ತು ವಾರ ಬರಬೇಕಿತ್ತು, ನಾಲ್ಕಕ್ಕೇ ಮುಗಿಯಿತು. ಕಡಿಮೆ ತುಂಬಿ ಕೊಟ್ಟಿದ್ದಾರೆ. ನಾಳೆ ಹೋಗಿ ಕೇಳಬೇಕು.' ಮರುದಿನ ಹೋಗಿ ಜಗಳವಾಡಿದೆ.

"ನೆಲಕ್ಕ ಚೆಲ್ಲಿರ್ತೀರಿ ಬಿಡ್ರಿ ಅಕ್ಕಾರ," ಎಂದು ನೌಕರ ನಕ್ಕ. ಒಳಗೆ ಹೋಗಿ ಇನ್ನೊಂದು ಬಾಟಲಿ ತಂದ. ಅದರ ಮೇಲೂ '7'. "ಅಮ್ಮಾರು ಭಾಳ ಚಲೋ ಇಳದಾರ. ಈಗ ನಲವತ್ತು ಮಾಡ್ರಿ."

ಗೆದ್ದು ಬಂದೆ ಎಂದುಕೊಂಡೆ. ಆಗಸ್ಟ್ 17ರಂದು ನಲವತ್ತು ಎಳೆದಾಗ ಸಿರಿಂಜ್ ತುದಿಯವರೆಗೆ ತುಂಬಿತು. "ಇಷ್ಟ್ಯಾಕ?" ಎಂದಳು ಅವ್ವ. "ಅವರ ಹೇಳ್ಯಾರ," ಎಂದೆ.

ಮೂರು ದಿನಕ್ಕೆ ಇಪ್ಪತ್ತೆರಡು ವಾಂತಿ. ಬುಧವಾರ ಬೆಳಿಗ್ಗೆ 11:15ಕ್ಕೆ ಅವ್ವನ ಕೈಯಿಂದ ಕತ್ತರಿ ಜಾರಿ ಬಿತ್ತು. ಸಕ್ಕರೆ 54ಕ್ಕೆ ಬಿದ್ದಿತ್ತು. ಬಾಯಿಗೆ ಬೆಲ್ಲದ ನೀರು ಹಾಕಿ, ಆಟೋದಲ್ಲಿ ವಿದ್ಯಾನಗರದ ಆಸ್ಪತ್ರೆಗೆ ಒಯ್ದೆ. ಹಿಂದಿನ ಸಂಜೆಯಿಂದ ಮೂತ್ರವೇ ಆಗಿರಲಿಲ್ಲ. ಅದನ್ನು ನಾನು ಬರೆದುಕೊಂಡಿರಲಿಲ್ಲ, ಅವಳನ್ನು ಕೇಳಿಯೂ ಇರಲಿಲ್ಲ.

ಡಾಕ್ಟರಮ್ಮ ನನ್ನ ವಹಿಯನ್ನು ಪುಟ ಪುಟ ತಿರುಗಿಸಿದರು. "ಹೊಟ್ಟಿಗೆ ಕೂಳಿಲ್ಲದಕಿಗೆ ಸಕ್ಕರಿ ಇಳಸೂ ಗುಳಗಿ ಯಾಕ ಕೊಟ್ಟಿ, ತಂಗಿ?"

"ದಿನಾ ಕೊಡ್ತಿದ್ದೆ ರೀ. ತಪ್ಪಿಸಬಾರ್ದಂತ."

ಅವರು ಬೈಯಲಿಲ್ಲ. ಬಾಟಲಿ, ಸಿರಿಂಜ್ ಎರಡನ್ನೂ ತರಲು ಹೇಳಿದರು. ತಂದೆ. ಕೆಂಪು ಟೋಪಿಯ ಸಿರಿಂಜನ್ನು ಬೆಳಕಿಗೆ ಹಿಡಿದು, ಪಕ್ಕದಲ್ಲಿ ಆಸ್ಪತ್ರೆಯ ಕಿತ್ತಳೆ ಟೋಪಿಯದನ್ನು ಇಟ್ಟರು. ಎರಡರಲ್ಲೂ ಹಿಡಿಯುವುದು ಒಂದೇ ಎಂಎಲ್. ಕೆಂಪಿನದರಲ್ಲಿ ಅದಕ್ಕೆ ನಲವತ್ತು ಗೀಟು, ಕಿತ್ತಳೆಯದರಲ್ಲಿ ನೂರು. ಅಜ್ಜನ ಕಾಲದ ಇನ್ಸುಲಿನ್‌ಗೆ ನಲವತ್ತರದ್ದು ಸರಿ. ಈ ಔಷಧಿಯ ಇಪ್ಪತ್ತು ಎಂದರೆ ನೂರರಲ್ಲಿ ಇಪ್ಪತ್ತು.

ಅಲ್ಲೇ ವಹಿಯ ಅಂಚಿನಲ್ಲಿ ಲೆಕ್ಕ ಹಾಕಿದೆ. 0.2 ಎಂಎಲ್ ಹೋಗಬೇಕಾದಲ್ಲಿ 0.5 ಹೋಗಿದೆ. ಕೊನೆಯ ವಾರ 0.4ರ ಬದಲು ಪೂರ್ತಿ ಒಂದು. ಐದು ವಾರವೂ ಎರಡೂವರೆ ಪಟ್ಟು. ಹತ್ತು ವಾರದ್ದು ನಾಲ್ಕಕ್ಕೆ ಮುಗಿಯಿತು ಎಂದು ನನ್ನ ಕೈಯಾರೆ ಬರೆದ ದಿನವೇ ಇದು ತಿಳಿಯಬೇಕಿತ್ತು. ನಾನು ಅದನ್ನು ಮೋಸ ಎಂದು ಓದಿಕೊಂಡು, ಇನ್ನೊಂದು ಬಾಟಲಿಗಾಗಿ ಜಗಳವಾಡಿದ್ದೆ.

ಈ ಔಷಧಿ ಮೈಯಿಂದ ಇಳಿಯಲು ವಾರಗಳೇ ಬೇಕು. ನೀರಿಲ್ಲದೆ ಮೂತ್ರಪಿಂಡ ಸೋತಿದೆ. "ಒಂದು ಎಂಎಲ್‌ನ್ಯಾಗ ಔಷಧ ಎಷ್ಟಿತ್ತಂತ ತಿಳಕೊಂಡ ಬಾ," ಎಂದರು ಡಾಕ್ಟರಮ್ಮ. "ಇನ್ನ ಎಷ್ಟು ದಿನ ಕಾಯಬೇಕಂತ ಒಂದ್ ಅಂದಾಜರ ಸಿಗ್ತದ."

ಕ್ಲಿನಿಕ್ ತೆರೆದೇ ಇತ್ತು, ಅದೇ ನೌಕರ. ವಿಷಯ ಹೇಳಿದೆ. ನಗು ಹೋಯಿತು. ರಿಜಿಸ್ಟರ್ ತೆಗೆದ. '7' ಎಂದರೆ ಏಳನೆಯ ಸಲ ಬೆರೆಸಿದ್ದು, ಅಷ್ಟೇ. "ಪುಡಿ ಎರಡು ಕಡಿಂದ ಬಂದಿತ್ರಿ. ಇಲ್ಲೆ ನೀರು ಹಾಕ್ತೇವಿ. ಏಳಕ್ಕ ಯಾವ ಪುಡಿ ಹಾಕೇವಿ ಅನ್ನೂದು ಬರದಿಲ್ರಿ."

"ಕ್ಲಿನಿಕ್ ನಡಸೂ ಸಾಹೇಬರು ಎಲ್ಲಿ?"

"ಫೋನ್ ಎತ್ತವಲ್ರು. ನಾ ಪಗಾರಕ್ಕ ಇರಾಂವ್ರಿ ಅಕ್ಕಾರ. ನನ್ನ ಹೇಣ್ತಿಗೂ ಇದನ್ನ ಕೊಡಾಕತ್ತೇನ್ರಿ."

"ಮನೀ ಸಿರಿಂಜ್ ನಡೀತಾವಂತ ಎಷ್ಟು ಮಂದಿಗೆ ಹೇಳೀರಿ?"

ಅವನು ಬೆರಳು ಮಡಚುತ್ತಾ ಹೋದ. ಎರಡನೆಯ ಕೈಗೆ ಬಂದಾಗ ನಿಲ್ಲಿಸಿ ಕುರ್ಚಿಯ ಮೇಲೆ ಕುಳಿತ. ಎದುರಿಗೇ ನಿಂತು ಆ ಮಂದಿಗೆಲ್ಲ ಫೋನ್ ಹಚ್ಚಿಸಿದೆ. ನಾಲ್ವರು ಎತ್ತಲಿಲ್ಲ.

ಉಳಿದ ಅರ್ಧ ಬಾಟಲಿಯನ್ನು ಔಷಧ ನಿಯಂತ್ರಣದ ಕಚೇರಿಗೆ ಕೊಟ್ಟಿದ್ದೇನೆ. ಪರೀಕ್ಷೆಗೆ ಸಮಯ ಹಿಡಿಯುತ್ತದೆ ಎಂದರು.

ಆಗಸ್ಟ್ 26ರಂದು, ಎರಡನೆಯ ಡಯಾಲಿಸಿಸ್ ಆದ ಮೇಲೆ, ಅವ್ವನಿಗೆ ಎಲ್ಲ ಹೇಳಿದೆ. ಅಷ್ಟರಲ್ಲಿ ಅವಳು ಪಕ್ಕದ ಹಾಸಿಗೆಯವರಿಗೆ, ನಮ್ಮ ಹುಡುಗಿ ಎಲ್ಲಾ ಬರದ ಇಡ್ತಾಳ, ಆಕಿ ಕೈಯಾಗ ತಪ್ಪಾಗೂದಿಲ್ಲ ಎಂದು ಹೇಳಿಕೊಂಡಾಗಿತ್ತು.

"ಗುಂಡಿ ಡಬ್ಬಿ ತಗದ ಕೊಟ್ಟಾಕಿ ನಾನ," ಎಂದಳು ಎಲ್ಲ ಕೇಳಿ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಅಂದು ನನ್ನ ಕೈಯಿಂದ ನೀರು ಕುಡಿಯಲಿಲ್ಲ. ನರ್ಸ್ ಕುಡಿಸಿದಳು.

ಇಂದು ಆಗಸ್ಟ್ 30. ಮೂತ್ರ ನಿನ್ನೆ 140 ಎಂಎಲ್, ಇಂದು ಮಧ್ಯಾಹ್ನದವರೆಗೆ 60. ಇದು ಏರುತ್ತದೋ ಇಲ್ಲವೋ ಡಾಕ್ಟರಮ್ಮನೂ ಹೇಳುತ್ತಿಲ್ಲ. ನಾನು ಪ್ರತಿ ಗಂಟೆಗೂ ಚೀಲ ನೋಡಿ ಬರೆಯುತ್ತಿದ್ದೇನೆ. ಬರೆಯುವುದನ್ನು ಬಿಟ್ಟು ಬೇರೆ ಏನು ಮಾಡಬೇಕೆಂದು ತಿಳಿಯುತ್ತಿಲ್ಲ.

ಹುಬ್ಬಳ್ಳಿ-ಧಾರವಾಡದಲ್ಲಿ ಇಂಥ ಗುಲಾಬಿ ನೀರಿನ ಬಾಟಲಿ, ಮೇಲೆ ಕೈಬರಹದ '7', ನಿಮ್ಮ ಮನೆಯಲ್ಲಿದ್ದರೆ ಮುಂದಿನ ಸೂಜಿ ಚುಚ್ಚಬೇಡಿ, ಸಿರಿಂಜ್ ಸಮೇತ ಡಾಕ್ಟರರಿಗೆ ತೋರಿಸಿ. ಆ ಪುಡಿಯನ್ನು ತಂದುಕೊಟ್ಟವರು, ಬೆರೆಸಿದವರು, ಒಂದು ಎಂಎಲ್‌ಗೆ ಎಷ್ಟು ಎಂದು ಕಿವಿಯಾರೆ ಕೇಳಿದವರು ಯಾರಾದರೂ ಇದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಹೆಸರು ಬೇಡ, ಆ ಒಂದು ಅಂಕಿ ಸಾಕು. ಇವತ್ತೇ ಬರೆದರೆ ಒಳ್ಳೆಯದು.