ಜೇಬಿನ ಮೇಲಿನ ಹೆಸರು

ಕಳೆದ ಭಾನುವಾರ ಬೀಗರ ಊಟದಲ್ಲಿ ನಾನೊಂದು ನಿಜ ಹೇಳಿದೆ. ಇಡೀ ಪಂಕ್ತಿ ನಕ್ಕಿತು.

ನಿಜ ಇಷ್ಟೇ: ಮದುಮಗನ ಅಂಗಿ ಹೊಲಿದವರು ಗುಂಡ್ಲುಪೇಟೆಯ ಟೈಲರ್ ಖಲೀಲ್ ಸಾಹೇಬರು.

ವರ್ಷಕ್ಕೆ ಎರಡು ಬಿಳಿ ಅಂಗಿ ಅವರಲ್ಲಿ ಹೊಲಿಸುವುದು ನನ್ನ ಪದ್ಧತಿ. ಸರ್ವಿಸಿನಲ್ಲಿದ್ದಾಗ ಶುರುವಾದದ್ದು, ನಿವೃತ್ತಿಯಾದರೂ ಬಿಟ್ಟಿಲ್ಲ. (ಅಳತೆ ಬದಲಾಗಿಲ್ಲ ಎಂದರೂ ಅವರು ಟೇಪು ಹಿಡಿಯದೆ ಬಿಡುವುದಿಲ್ಲ.) ಈ ಸಲ ಹೋದಾಗ ಒಂದು ಮಷೀನಿಗೆ ಬಟ್ಟೆ ಹೊದಿಸಿತ್ತು.

"ಎಲ್ಲಾ ರೆಡಿಮೇಡು ಸಾರ್. ಈ ಮದ್ವೆ ಸೀಸನ್ ನೋಡ್ತೀನಿ. ಇಲ್ಲ ಅಂದ್ರೆ ಅಂಗ್ಡಿ ಮುಚ್ಬುಡ್ತೀನಿ."

ತೆರಕಣಾಂಬಿಯ ನನ್ನ ಸೋದರಳಿಯ ಮಹೇಶನ ಮದುವೆ ಹತ್ತಿರವಿತ್ತು. ಅವನಿಗೂ ಅವನ ಗೆಳೆಯರಿಗೂ ಒಂದೇ ಥರದ ಅಂಗಿ ಇಲ್ಲೇ ಹೊಲಿಸಿದರೆ? ಮದುವೆಮನೆಗಿಂತ ದೊಡ್ಡ ಜಾಹೀರಾತು ಯಾವುದಿದೆ? "ಯಾರು ಹೊಲಿದದ್ದು" ಎಂದು ನಾಲ್ಕು ಜನ ಕೇಳಿದರೂ ಸಾಕಲ್ಲವೇ? ಮಹೇಶನನ್ನು ಕರೆದುಕೊಂಡು ಹೋದೆ.

ಅಳತೆ ಕೊಟ್ಟ ಮೇಲೆ ಅವನು ಒಂದು ಪ್ಲಾಸ್ಟಿಕ್ ಕವರ್ ತೆಗೆದ. ಒಳಗೆ ದೊಡ್ಡ ಕಂಪನಿಯೊಂದರ ಲೇಬಲ್‌ಗಳು. ಆನ್‌ಲೈನಿನಲ್ಲಿ ಸಿಗುತ್ತವಂತೆ.

"ಸಾಬ್ರೆ, ಜೇಬ್ ಅಂಚ್ಗೆ ಇದ ಹಾಕ್ಬುಡಿ. ಕಾಲರ್ ಒಳ್ಗೆ ನಿಮ್ ಲೇಬಲ್ ಬ್ಯಾಡ. ಯಾರ್ಗೂ ಹೇಳ್ಬ್ಯಾಡಿ."

"ಇದು ಮೋಸ ಕಣಯ್ಯ," ಎಂದೆ.

"ಯಾರ್ಗೆ ಮಾವ ಮೋಸ? ಬಟ್ಟೆ ನಂದು, ಮೈ ನಂದು."

ಸಾಹೇಬರು ಲೇಬಲನ್ನು ಬೆಳಕಿಗೆ ಹಿಡಿದು ನೋಡಿದರು. "ಕೇಳ್ದಂಗೆ ಹೊಲ್ಕೊಡದು ನಮ್ ಕೆಲ್ಸ. ಯಾರ್ಗೂ ಹೇಳಲ್ಲ, ಬುಡಿ" ಎಂದು ಮಷೀನಿನ ಹೊದಿಕೆ ತೆಗೆದರು.

ಅಂಗಿ ಹೇಗಿತ್ತು? ಭುಜದ ಮೇಲೆ ಒಂದು ಸುಕ್ಕಿಲ್ಲ. ಜೇಬಿನ ಗೆರೆ ಅಂಗಿಯ ಗೆರೆಗೆ ಸರಿಯಾಗಿ ಕೂಡಿತ್ತು. (ಅದೇ ಕಂಪನಿಯ ಅಸಲಿ ಅಂಗಿಯೊಂದು ನನ್ನ ಮನೆಯಲ್ಲಿದೆ. ಎರಡನೇ ಒಗೆತಕ್ಕೆ ಗುಂಡಿ ಉದುರಿತು.)

ಊಟಕ್ಕೆ ಖಲೀಲ್ ಸಾಹೇಬರೂ ಬಂದಿದ್ದರು, ನನ್ನ ಪಕ್ಕದಲ್ಲೇ ಕೂತಿದ್ದರು. ಎದುರು ಸಾಲಿನಲ್ಲಿ ಚಾಮರಾಜನಗರದಿಂದ ಬಂದ ಹೆಣ್ಣಿನ ಚಿಕ್ಕಪ್ಪ.

"ಅಳಿಯಂದ್ರೆ, ಅಂಗಿ ಎಲ್ ತಗಂಡ್ರಿ?"

"ಮೈಸೂರ್ ಶೋರೂಮು," ಎಂದ ಮಹೇಶ.

"ಅದ್ಕೆಯ. ಬ್ರ್ಯಾಂಡ್ ಅಂದ್ರೆ ಬ್ರ್ಯಾಂಡು. ನಮ್ ಕಡೆ ಟೈಲರ್‌ಗಳ್ಗೆ ಇಂಗ್ ಬಂದಾದಾ?"

ಆಗಲೇ ನಾನು ನಿಜ ಹೇಳಿದ್ದು.

"ಸುಮ್ಕಿರಿ ಸಾರ್, ಕನ್ನಡ್ಕ ಮನೇಲ್ ಬುಟ್ಬಂದ್ರಾ? ಜೇಬ್ ಮ್ಯಾಲೆ ಹೆಸ್ರದೆ ನೋಡಿ," ಎಂದರು ಚಿಕ್ಕಪ್ಪ.

ನಗು. ಯಾರೋ ಸಾಹೇಬರನ್ನೇ ಕೇಳಿದರು, "ಏನ್ ಸಾಬ್ರೆ, ನೀವಾ ಹೊಲ್ದದ್ದು?"

ಅವರು ಮಹೇಶನ ಕಡೆ ಒಮ್ಮೆ ನೋಡಿದರು. ಮಾತು ಕೊಟ್ಟಿದ್ದರಲ್ಲ.

"ಕಂಪ್ನಿ ಮಾಲು ಸ್ವಾಮಿ. ನಮ್ ಕೈಲಿ ಇಂಗೆಲ್ ಆದದು," ಎಂದು ಎಲೆಯತ್ತ ಬಗ್ಗಿದರು.

ನಕಲಿ ಮಾಲು ಕೊಳ್ಳಬೇಡಿ ಎಂದು ಬುದ್ಧಿ ಹೇಳಬಹುದು. ಅಸಲಿ ಕೆಲಸಕ್ಕೆ ನಕಲಿ ಹೆಸರು ಹೊಲಿಸುವವರಿಗೆ ಏನು ಹೇಳುವುದು? ನನಗಂತೂ ಸಾಕಾಗಿದೆ.

ಮೊನ್ನೆ ನನ್ನ ಅಂಗಿ ತರಲು ಹೋದೆ. ಮಷೀನಿಗೆ ಮತ್ತೆ ಹೊದಿಕೆ ಬಿದ್ದಿತ್ತು. ಮದುವೆ ನೋಡಿ ಬಂದ ಗಿರಾಕಿ ಒಬ್ಬರೂ ಇಲ್ಲ.

"ಒಂದ್ ಲೇಬಲ್ ಉಳ್ದದೆ ಸಾರ್. ನಿಮ್ಗೂ ಹಾಕ್ಕೊಡ್ಲಾ?" ಎಂದು ನಕ್ಕರು.

ಮಹೇಶನ ಅಂಗಿಯಲ್ಲಿ ಸುಳ್ಳೆಂದರೆ ಬೆರಳಗಲದ ಆ ಚೂರು ಮಾತ್ರ. ಮದುವೆಮನೆ ಮೆಚ್ಚಿದ್ದು ಅದನ್ನೇ.