ಹಳೇ ದರದ ಮಾತು

ಮೂವತ್ತು ವರ್ಷದ ಹಿಂದಿನ ದರ ನಂಬಿ ಇವತ್ತು ಸಂತೆಗೆ ಹೋಗುವ ದಡ್ಡ ಯಾರೂ ಇಲ್ಲ. ಮಾತನ್ನು ಮಾತ್ರ ನಾವು ಹಳೇ ದರಕ್ಕೇ ಒಗೆಯುತ್ತಿರುತ್ತೇವೆ. ನಾನೂ ಒಗೆದೆ. ಅದರಿಂದ ಒಬ್ಬ ಗೆಳೆಯ ಕೈಬಿಟ್ಟು ಹೋಗುವುದರಲ್ಲಿದ್ದ.

ಕಂಡವರ ಕುರಿ ಕಾಯುತ್ತ ಬೆಳೆದ ನಾನು ಜತ್ತದ ಕುರಿ ಸಂತೆಯಲ್ಲಿ ದಲಾಲನಾದವನು. ನಮ್ಮಲ್ಲಿ ದರ ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈಯೊಳಗೆ ಕೈಯಿಟ್ಟು ಬೆರಳು ಒತ್ತುತ್ತೇವೆ. ವ್ಯವಹಾರ ಕುದುರಿದ ಮೇಲೆ ಯಾರ ಕುರಿ ಹೋಯಿತೆಂದು ಎಲ್ಲರಿಗೂ ಕೇಳುವಂತೆ ಕೂಗುವುದು ದಲಾಲನ ಕೆಲಸ. ಕೂಗುವಾಗ ಅಡ್ಡಹೆಸರೇ ನಡೆಯುತ್ತಿತ್ತು. ಕಾಗೆಯಂತೆ ಕೂಗುವ ನಾನು ‘ಕಾಗಿ’. ಬಾಲಗಾಂವದ ನನ್ನ ಗೆಳೆಯನಿಗೆ ಎಳವೆಯಿಂದ ಒಂದು ಕಾಲು ಸಣ್ಣದು, ಅವನು ‘ಲಂಗಡ್ಯಾ’.

ಆಗ ಅದು ಸಂತೆಯಲ್ಲಿ ಒಂದು ಮುದ್ರೆಯಂತಿತ್ತು. ಲಂಗಡ್ಯಾನ ಟಗರೆಂದರೆ ಗಿರಾಕಿ ವಯಸ್ಸು ತಿಳಿಯಲು ಹಲ್ಲು ಎಣಿಸದೆ ಹಗ್ಗ ಹಿಡಿಯುತ್ತಿದ್ದ. ಅವನೂ ಆ ಹೆಸರಿಗೆ ನಗುತ್ತ ಓಗೊಡುತ್ತಿದ್ದ. ಬರಬರುತ್ತ ಹುಡುಗರು ಆ ಮಾತನ್ನು ಎಲ್ಲೆಲ್ಲೋ ಒಯ್ದರು. ಕೆಟ್ಟುನಿಂತ ಬೈಕು, ನಾಪಾಸಾದವನು, ಚುನಾವಣೆಯಲ್ಲಿ ಬಿದ್ದ ಉಮೇದುವಾರ, ಎಲ್ಲವೂ ಲಂಗಡಾ. ನನಗೂ ಇದು ಕೇಳಿಸುತ್ತಿತ್ತು. ಕೇಳಿಸಿದರೂ ಬಾಯಿ ತನ್ನ ದಾರಿ ಬಿಡಲಿಲ್ಲ.

ಮೊನ್ನೆಯ ಬೇಸಿಗೆಯಲ್ಲಿ ಅವನು ಮಗಳನ್ನೂ ಸಂತೆಗೆ ಕರೆತಂದಿದ್ದ. ಇನ್ನು ಮುಂದೆ ಕುರಿಯ ವ್ಯವಹಾರ ಅವಳದೆಂದು ಎಲ್ಲರಿಗೂ ಪರಿಚಯ ಮಾಡಿಸುವುದಿತ್ತು. ಮೊದಲ ಟಗರಿಗೆ ಒಳ್ಳೆ ದರ ಬಂತು. ನಾನು ಹುರುಪಿನಿಂದ, ಲಂಗಡ್ಯಾನ ಟಗರು ಹೋಯಿತೆಂದು ಕೂಗಿದೆ. ಮೊಬೈಲು ಹಿಡಿದು ನಿಂತಿದ್ದ ಹುಡುಗರು ಗೊಳ್ಳೆಂದು ನಕ್ಕರು. ಒಬ್ಬ ಅವನ ನಡಿಗೆಯನ್ನು ಅಣಕಿಸಿ ನಾಲ್ಕು ಹೆಜ್ಜೆ ಹಾಕಿದ. ಮಗಳು ತಲೆ ತಗ್ಗಿಸಿದಳು. ಗೆಳೆಯ ಉಳಿದ ಟಗರುಗಳನ್ನು ಮತ್ತೆ ಗಾಡಿಗೆ ಹತ್ತಿಸಿದ.

ಮುಂದಿನ ಎರಡು ಸಂತೆಗೂ ಬರಲಿಲ್ಲ. ಮೂರನೆಯ ವಾರ ನಾನೇ ಬಾಲಗಾಂವಕ್ಕೆ ಹೋದೆ. “ಕುಂದ್ರಿ ಮಾಮಾ,” ಎಂದು ಮಗಳು ಚಹಾ ತಂದಿಟ್ಟಳು. ಅವನು ದೊಡ್ಡಿಯ ಕಡೆಗೇ ಮುಖ ಮಾಡಿ ಕೂತಿದ್ದ. ಇಷ್ಟು ವರ್ಷ ಇಲ್ಲದ ಸಿಟ್ಟು ಈಗೇಕೆಂದು ಕೇಳಿಯೇಬಿಟ್ಟೆ.

“ಆಗ ನೀ ಕೂಗಿದ್ರ ಮಂದಿಗೆ ನನ್ನ ಟಗರು ನೆನಪಾಗತಿದ್ವು,” ಎಂದ. “ಈಗ ನನ್ನ ಕಾಲ್ ನೋಡ್ತಾರ. ನಾಳೆ ಈಕಿನ್ನ ಲಂಗಡ್ಯಾನ ಮಗಳು ಅಂತಾರ.”

ನನ್ನ ದಲಾಲಿ ಬುದ್ಧಿ ಎಲ್ಲಿ ಹೋದೀತು? ಸಂತೆಯಲ್ಲಿ ಬೇಡ, ನಾವಿಬ್ಬರೇ ಇದ್ದಾಗ ಕರೆಯಲೇನು ಎಂದು ಚೌಕಾಶಿಗಿಳಿದೆ.

“ಇದರಾಗ ಚೌಕಾಶಿ ಇಲ್ಲೋ ಕಾಗಿ.”

ಜೀವನದಲ್ಲಿ ಒಂದೇ ಮಾತಿಗೆ ನಾನು ಒಪ್ಪಿದ ವ್ಯವಹಾರ ಅದೊಂದೇ. ತಪ್ಪಾಯಿತೆಂದೆ. ಮುಂದಿನ ಸಂತೆಗೆ ಬಾ, ಕೂಗಿದ ಮೇಲೆ ಸರಿ ಅನಿಸದಿದ್ದರೆ ಬೇರೆ ದಲಾಲನನ್ನು ನೋಡಿಕೋ ಎಂದೆ.

ಬಂದ. ಈ ಸಲ ಟವೆಲ್ಲಿನ ಕೆಳಗೆ ಕೈಯಿಟ್ಟವಳು ಮಗಳು. ನನಗಿಂತ ಗಟ್ಟಿ ಬೆರಳು. ದರ ಕುದುರಿತು. ಬಾಯಿ ತೆರೆದಾಗ ಹಳೆಯ ಮಾತು ನಾಲಿಗೆಯ ತುದಿಗೇ ಬಂದು ನಿಂತಿತ್ತು. ಅದನ್ನು ನುಂಗಿ, ತಂದೆ ಮಗಳಿಬ್ಬರ ಹೆಸರನ್ನೂ ಪೂರ್ತಿಯಾಗಿ ಕೂಗಿದೆ. ಇವರು ಯಾರು ಹೊಸಬರು ಎಂದು ಹಳೆಯ ವ್ಯಾಪಾರಿಗಳೇ ಕತ್ತು ಚಾಚಿ ನೋಡಿದರು. ಮೂವತ್ತು ವರ್ಷ ಜೊತೆಗೆ ಚಹಾ ಕುಡಿದವರಿಗೆ ಅವನ ಹೆಸರು ಗೊತ್ತಿರಲಿಲ್ಲ. ಆಮೇಲೆ ಒಬ್ಬ ಮುದುಕ ನನ್ನನ್ನು ಪಕ್ಕಕ್ಕೆ ಕರೆದು, ತನ್ನ ನಿಜವಾದ ಹೆಸರು ಇಂಥದ್ದೆಂದು ಮೆಲ್ಲಗೆ ಹೇಳಿ ಹೋದ.

ಪುಕ್ಕಟೆ ಸಲಹೆ ಕೊಡುತ್ತೇನೆ, ಇಟ್ಟುಕೊಳ್ಳಿ. ವರ್ಷಕ್ಕೊಮ್ಮೆಯಾದರೂ, ನೀವು ಕರೆಯುವ ಹೆಸರು ಈಗಲೂ ಸರಿಯೇ ಎಂದು ಕರೆಸಿಕೊಳ್ಳುವವರನ್ನೇ ಕೇಳಿ.

ಗೆಳೆಯ ಮಾತ್ರ ನನ್ನನ್ನು ಇನ್ನೂ ಕಾಗಿ ಎನ್ನುತ್ತಾನೆ. ಮೊನ್ನೆ ಅವನ ಮಗಳು, “ಮಾಮಾ, ನಿಮಗ ನಡೀತದೇನ್ರಿ?” ಎಂದು ಕೇಳಿದಳು. ನಡೆಯುತ್ತದೆ ಎಂದೆ. ಆದರೂ ಕೇಳಿದಳಲ್ಲ.